ಒಂಬತ್ತು ಕಾಜ, ಹತ್ತು ಗುಂಡಿ

ಈ ಸಲ ನನ್ನದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಮನೆಯಲ್ಲಿ ಆಗಲೇ ಒಪ್ಪಿಕೊಂಡದ್ದಾಗಿದೆ. ಆದರೆ ನಮ್ಮ ಸಂಘದ ಮಕ್ಕಳಲ್ಲಿ ಗೇರಿನ ಸೈಕಲ್ಲು ಇಟ್ಟುಕೊಂಡವರು ಹಲವರಿದ್ದಾರೆ. ಅವರ ತಂದೆಯರಲ್ಲಿ ನನ್ನಂಥ ಮಿತವ್ಯಯಿಗಳಿಗೂ ಕೊರತೆಯಿಲ್ಲ. ಆದುದರಿಂದ ಈ ಸಂಗತಿ ನಾಲ್ವರ ಕಿವಿಗೆ ಬೀಳುವುದು ಒಳ್ಳೆಯದು.

ನಮ್ಮ ಮಗಳು ಪುಣೆಯಲ್ಲಿಯೇ ಹುಟ್ಟಿ ಬೆಳೆದವಳು. ಕಾಲೇಜು ಸೇರಿದ ವರ್ಷ ಅವಳಿಗೊಂದು ಹಳೆಯ ರೋಡ್ ಬೈಕು ಸಿಕ್ಕಿತು. ರೋಡ್ ಬೈಕೆಂದರೆ ಬಾಗಿದ ಹ್ಯಾಂಡಲಿನ, ಸಪೂರ ಗಾಲಿಯ ಓಟದ ಸೈಕಲ್ಲು. ಅದರ ಹಿಂದಿನ ಗಾಲಿಗೆ ಒಂಬತ್ತು ಹಲ್ಲುಚಕ್ರಗಳು. ಸಾಮಾನೆಲ್ಲ ಜಪಾನಿನ ಶಿಮಾನೋ ಕಂಪನಿಯದು. ರವಿವಾರ ಬೆಳಿಗ್ಗೆ ಹಳೆಯ ಕಾತ್ರಜ ಘಾಟು ಹತ್ತಿ ಬರುವುದು ಅವಳ ವ್ರತ. ಸಾತಾರಾ, ಕೊಲ್ಹಾಪುರ ದಾಟಿ ಬೆಳಗಾವಿಯ ಕಡೆಗೆ ಹೋಗುವ ದಾರಿ ಅದು. “ಹಿಂಗ ತುಳಕೋತ ಹೋದ್ರ ಒಂದಿನ ಧಾರವಾಡ ಮುಟ್ತೀನಿ ನೋಡ್ರಿ ಅಪ್ಪಾ” ಎನ್ನುತ್ತಿದ್ದಳು.

ಈ ವರ್ಷ ಆ ಹಲ್ಲುಚಕ್ರಗಳ ಗೊಂಚಲು ಸವೆದುಹೋಯಿತು. ಅದಕ್ಕೆ ಕ್ಯಾಸೆಟ್ ಎನ್ನುತ್ತಾರೆ. ಅದೇ ಹೊತ್ತಿಗೆ ಪರಿಚಯದವರೊಬ್ಬರ ಮನೆಯಲ್ಲಿ ಹತ್ತು ಚಕ್ರದ ಶಿಮಾನೋ ಕ್ಯಾಸೆಟ್ಟೊಂದು ಬಳಸದೆ ಬಿದ್ದಿರುವುದು ನನ್ನ ಕಣ್ಣಿಗೆ ಬಿತ್ತು. ಅರ್ಧ ಬೆಲೆಗೆ ಕೊಟ್ಟರು. ಒಂಬತ್ತರ ಜಾಗದಲ್ಲಿ ಹತ್ತು, ಅದೂ ಅರ್ಧ ಬೆಲೆಗೆ! ಬೀಗುತ್ತ ಮನೆಗೆ ತಂದೆ.

“ಅಪ್ಪಾ, ಇದು ಹೊಂದೂದಿಲ್ಲ. ನನ್ನ ಶಿಫ್ಟರ್ ಒಂಬತ್ತರದ್ದು” ಎಂದಳು ಮಗಳು.

“ಎರಡೂ ಒಂದ ಕಂಪನಿಯವು. ಯಾಕ ಹೊಂದೂದಿಲ್ಲ?” ಎಂದೆ ನಾನು.

ಉಪಕರಣ ಕಡ ತಂದು ನಾನೇ ಕೂಡಿಸಿದೆ. ಹಿಂದೆ ಒಂದು ಮಿಲಿಮೀಟರಿನ ತೆಳು ಬಳೆ ಇಟ್ಟೊಡನೆ ಕ್ಯಾಸೆಟ್ ಅಚ್ಚುಕಟ್ಟಾಗಿ ಕೂತಿತು. ಅದು ಕೂತದ್ದೇ ಮೋಸವಾಯಿತು. ಚೈನು ಹಳೆಯದೇ. ಗಾಲಿ ಎತ್ತಿ ಹಿಡಿದು, ನಡುವಿನ ಚಕ್ರದ ಮೇಲೆ ತಂತಿಯನ್ನು ಸರಿಮಾಡಿ, ಪೆಡಲು ತಿರುಗಿಸಿ ನೋಡಿದರೆ ಬೆಣ್ಣೆಯ ಹಾಗೆ ತಿರುಗಿತು. ನಡುವಿನ ಎರಡು ಗೇರು ನೋಡಿ ಸಮಾಧಾನಪಟ್ಟುಕೊಂಡೆ. ಮಗಳು ಮಾತಾಡಲಿಲ್ಲ. ಅಪ್ಪನ ಮಾತಿಗೆ ಎದುರಾಡಬಾರದೆಂದು ನಾವೇ ಕಲಿಸಿದ್ದೆವಲ್ಲ!

ಮುಂದಿನ ರವಿವಾರ ಘಾಟಿನ ಏರಿನಲ್ಲಿ ಹಗುರ ಗೇರಿಗಾಗಿ ದೊಡ್ಡ ಚಕ್ರಗಳ ಕಡೆಗೆ ಚೈನನ್ನು ಸರಿಸಿ, ಎದ್ದು ನಿಂತು ತುಳಿದಳಂತೆ. ಚೈನು ಫಕ್ಕನೆ ಜಾರಿತು. ಕಾಲು ಬರಿದಾದ ಪೆಡಲಿನೊಡನೆ ಕೆಳಗೆ ಹೋಯಿತು, ಮೊಣಕಾಲು ಡಾಂಬರಿಗೆ ಬಡಿಯಿತು. ಹಿಂದೆ ಬರುತ್ತಿದ್ದ ಟ್ರಕ್ಕಿನವನು ಸಕಾಲದಲ್ಲಿ ಬ್ರೇಕು ಹಾಕಿದ. ಆ ಪುಣ್ಯಾತ್ಮನ ಹೆಸರು ಕೂಡ ನಮಗೆ ಗೊತ್ತಿಲ್ಲ. ಮಗಳು ಕುಂಟುತ್ತ ಮನೆಗೆ ಬಂದಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಸಂಜೆ ಸೈಕಲ್ಲನ್ನು ಮಿಸ್ತ್ರಿಯ ಹತ್ತಿರ ಒಯ್ದೆ. ಆತ ನನ್ನ ಕೆಲಸ ನೋಡಿ ನಕ್ಕು, ಲೆಕ್ಕ ಬಿಡಿಸಿ ಹೇಳಿದ. ಶಿಫ್ಟರ್ ಒಂದು ಸಲ ‘ಟಿಕ್’ ಎಂದರೆ ಗೊತ್ತುಮಾಡಿದಷ್ಟೇ ತಂತಿಯನ್ನು ಎಳೆಯುತ್ತದೆ. ತಂತಿ ಹಿಂದಿನ ಡಿರೇಲರನ್ನು ಅದಕ್ಕೆ ತಕ್ಕಷ್ಟು ಸರಿಸುತ್ತದೆ. ಡಿರೇಲರು ಚೈನನ್ನು ಪಕ್ಕದ ಚಕ್ರಕ್ಕೆ ದಾಟಿಸುತ್ತದೆ. ಒಂಬತ್ತರ ಕ್ಯಾಸೆಟ್ಟಿನಲ್ಲಿ ಒಂದು ಚಕ್ರದಿಂದ ಮುಂದಿನದಕ್ಕೆ ಸುಮಾರು 4.35 ಮಿಲಿಮೀಟರು, ಹತ್ತರದರಲ್ಲಿ 3.95. ವ್ಯತ್ಯಾಸ 0.4 ಮಿಲಿಮೀಟರು, ಅಂದರೆ ನಾಲ್ಕು ಹಾಳೆ ಕಾಗದದ ದಪ್ಪ. ಆದರೆ ಅದು ಪ್ರತಿ ಟಿಕ್ಕಿಗೂ ಕೂಡುತ್ತ ಹೋಗುತ್ತದೆ. ನಡುವಿನಲ್ಲಿ ಸರಿಮಾಡಿದ್ದರಿಂದ ಅಲ್ಲಿ ತಪ್ಪು ಸೊನ್ನೆ. ನಾಲ್ಕು ಟಿಕ್ ದಾಟಿದರೆ 1.6. ಎರಡು ಚಕ್ರಗಳ ನಡುವಿನ ಅರ್ಧ ದಾರಿಯೇ ಸುಮಾರು 2 ಮಿಲಿಮೀಟರು. ಚೈನು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಸಾಲದ್ದಕ್ಕೆ ಒಂಬತ್ತರ ಚೈನಿನ ಅಗಲ 6.6 ಮಿಲಿಮೀಟರು, ಹತ್ತರದ್ದು 5.9. ಅಗಲ ಚೈನು ಇಕ್ಕಟ್ಟಿನಲ್ಲಿ ಪಕ್ಕದ ಚಕ್ರಕ್ಕೂ ಉಜ್ಜುತ್ತಿತ್ತು.

ಇದನ್ನೆಲ್ಲ ಮನೆಯಲ್ಲಿ ವಿವರಿಸುತ್ತಿರುವಾಗ, ಹೊಲಿಗೆಯಂತ್ರದ ಮುಂದೆ ಕುಳಿತಿದ್ದ ನಮ್ಮಾಕೆ ತಲೆಯೆತ್ತದೆಯೇ ಹೇಳಿದಳು: “ಅಷ್ಟ ಅಲ್ಲೇನ್ರಿ? ಒಂಬತ್ತು ಕಾಜ ಇದ್ದ ಅಂಗಿಗೆ ಹತ್ತು ಗುಂಡಿ ಹಚ್ಚೀರಿ. ನಡುವಿಂದು ಹೊಂದತದ, ಕೊರಳಿಂದು ಹೊಂದೂದಿಲ್ಲ.” ಅರ್ಧ ಗಂಟೆಯ ನನ್ನ ಉಪನ್ಯಾಸ ಎರಡು ಮಾತಿನಲ್ಲಿ ಮುಗಿಯಿತು.

ಹಾಗೆಂದು ಯಾವುದನ್ನೂ ಬೆರೆಸಬಾರದೆಂದಲ್ಲ. ಮಿಸ್ತ್ರಿ ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಶಿಫ್ಟರ್, ಕ್ಯಾಸೆಟ್, ಚೈನು ಈ ಮೂರೂ ಒಂದೇ ಎಣಿಕೆಯವಾಗಿರಬೇಕು. ಡಿರೇಲರು ಮಾತ್ರ ಹೊಂದಿಕೊಂಡು ಹೋಗುವ ಜೀವ: ಶಿಮಾನೋದವರ ರೋಡ್ ಬೈಕಿನ ಒಂಬತ್ತರ ಡಿರೇಲರು ಹತ್ತರ ಶಿಫ್ಟರ್ ಮತ್ತು ಕ್ಯಾಸೆಟ್ಟಿನೊಂದಿಗೂ ದುಡಿಯುತ್ತದೆ. ಇದಕ್ಕೂ ಅಪವಾದವುಂಟು. ಟಿಯಾಗ್ರಾ 4700 ಎಂಬುದು ಹತ್ತರದ್ದಾದರೂ ಅದರ ತಂತಿಯ ಲೆಕ್ಕ ಹನ್ನೊಂದರ ಮನೆತನದ್ದು. ಹಳೆಯ ಹತ್ತರೊಂದಿಗೆ ಅದು ಕೂಡಲೊಲ್ಲದು. ಹನ್ನೊಂದರ ರೋಡ್ ಗಾಲಿಗೆ ಒಂಬತ್ತರ ಕ್ಯಾಸೆಟ್ ಹಾಕುವುದಾದರೆ ಹಿಂದೆ 1.85 ಮಿಲಿಮೀಟರಿನ ಬಳೆ ಇಟ್ಟರಾಯಿತು. ಆದರೆ ಹನ್ನೊಂದರ ರೋಡ್ ಕ್ಯಾಸೆಟ್ಟಿಗೆ ಹಳೆಯ ಗಾಲಿಯಲ್ಲಿ ಜಾಗ ಸಾಲದು.

“ಮೊದಲು ಈ ತಂಟೆ ಇರಲಿಲ್ಲವೇ?” ಎಂದು ಕೇಳಿದೆ. ಶಿಮಾನೋದವರು 1984ರಲ್ಲಿ ಈ ಟಿಕ್ ಟಿಕ್ ಪದ್ಧತಿಯನ್ನು ತಂದರು. ಅದಕ್ಕೂ ಹಿಂದಿನ ಸನ್ನೆಗಳಿಗೆ ಟಿಕ್ಕೇ ಇರಲಿಲ್ಲ. ಸವಾರನೇ ಬೆರಳಿನಿಂದ ಸರಿಸಿ, ಚೈನಿನ ಸದ್ದು ಕೇಳಿ, ಸ್ವಲ್ಪ ಹಿಂದೆ ಮುಂದೆ ಮಾಡಿ ಕೂಡಿಸಿಕೊಳ್ಳುತ್ತಿದ್ದ. ಆಗ ಎಣಿಕೆ ಬೇರೆಯಾದರೂ ಸವಾರನ ಕಿವಿ ಅದನ್ನು ಸರಿದೂಗಿಸುತ್ತಿತ್ತು. ಟಿಕ್ ಬಂದ ಮೇಲೆ ಆ ಕೆಲಸ ಯಂತ್ರದ ಪಾಲಾಯಿತು. ಯಂತ್ರಕ್ಕೆ ದಾಕ್ಷಿಣ್ಯ ತಿಳಿಯದು.

ಒಂಬತ್ತರದೇ ಸಾದಾ ದರ್ಜೆಯ ಕ್ಯಾಸೆಟ್ಟನ್ನೂ ಹೊಸ ಚೈನನ್ನೂ ಮಿಸ್ತ್ರಿಯಿಂದಲೇ ಹಾಕಿಸಿದ್ದಾಯಿತು. ಮೊಣಕಾಲು ಮಾಯಲು ಮೂರು ವಾರ ಹಿಡಿಯಿತು. ನಾಲ್ಕನೆಯ ರವಿವಾರ ನಸುಕಿನಲ್ಲಿ ಮಗಳು ಸೈಕಲ್ಲು ಹೊರಗೆ ತೆಗೆದಾಗ ನಾನು ಬಾಗಿಲಲ್ಲಿ ನಿಂತಿದ್ದೆ. “ಎಲ್ಲಾ ಗೇರು ನೋಡಿಯೇನವ್ವಾ?” ಎಂದೆ. “ನೀವ ಹಿಡೀರಿ, ನೋಡೂಣು” ಎಂದಳು. ನಾನು ಗಾಲಿ ಎತ್ತಿ ಹಿಡಿದೆ. ಅವಳು ಒಂದರಿಂದ ಒಂಬತ್ತರವರೆಗೆ ಏರಿಸಿ, ಇಳಿಸಿ ತೋರಿಸಿದಳು. ಒಂದೊಂದು ಟಿಕ್ಕಿಗೂ ಚೈನು ತನ್ನ ಮನೆಗೇ ಹೋಗಿ ಕೂತಿತು.

ಹತ್ತರ ಕ್ಯಾಸೆಟ್ ಈಗ ನನ್ನ ಮೇಜಿನ ಮೇಲಿದೆ. ಈ ಅಂಕಣದ ಹಾಳೆಗಳು ಹಾರದಂತೆ ಹಿಡಿದಿದೆ. ಮನೆಗೆ ಬಂದವರು ಕೇಳಿದರೆ, ಮಗಳ ಮಾತು ಕೇಳದೆ ಅರ್ಧ ಬೆಲೆಗೆ ಕೊಂಡದ್ದೆಂದು ಹೇಳುತ್ತೇನೆ.