ಅಪಾಸ್ಟ್ರಫಿ ಎಸ್‌ಗೆ ಮೊದಲೋ, ಆಮೇಲೋ?

ಎಸ್‌ಎಸ್‌ಸಿ ಸಿಜಿಎಲ್ ಮೊದಲ ಹಂತದಲ್ಲಿ ತಪ್ಪು ಉತ್ತರಕ್ಕೆ 0.50 ಅಂಕ ಖೋತಾ. ಇಂಗ್ಲಿಷ್ ವಿಭಾಗವೆಂದರೆ ನಮ್ಮ ಕರೂರಿನಂಥ ಊರುಗಳ ಕನ್ನಡ ಮಾಧ್ಯಮದವರು ಅಳುಕುವುದು ಅದಕ್ಕೇ. ಆದರೆ ಅಪಾಸ್ಟ್ರಫಿಗೆ ನಮ್ಮ ಷಷ್ಠಿ ವಿಭಕ್ತಿಯೇ ದಾರಿ ತೋರಿಸುತ್ತದೆ. ಕೋಚಿಂಗ್‌ನವರು ಇದನ್ನು ಕನ್ನಡದಲ್ಲೇ ಏಕೆ ಹೇಳಿಕೊಡಬಾರದು?

‘ರೈತನ ಭತ್ತ’, ‘ರೈತರ ಭತ್ತ’ ಕಿವಿಗೇ ಬೇರೆ. ಇಂಗ್ಲಿಷಿನಲ್ಲಿ ಎರಡೂ ‘ಫಾರ್ಮರ್ಸ್’, ಕಣ್ಣಿಗಷ್ಟೇ ವ್ಯತ್ಯಾಸ. ಒಬ್ಬನದಾದರೆ ಚಿಹ್ನೆ ಎಸ್‌ಗೆ ಮೊದಲು, ಹಲವರದಾದರೆ ಎಸ್ ಆದ ಮೇಲೆ. ‘ಚಿಲ್ಡ್ರನ್’ ಬಹುವಚನವಾದರೂ ಕೊನೆಗೆ ಎಸ್ ಇಲ್ಲ. ಅದಕ್ಕೆ ಚಿಹ್ನೆ ಹಾಕಿ ಎಸ್ ಸೇರಿಸಬೇಕು.

ಮದರ್ಸ್ ಡೇ ಆರಂಭಿಸಿದ ಅಮೆರಿಕದ ಆನಾ ಜಾರ್ವಿಸ್, ಚಿಹ್ನೆ ಎಸ್‌ಗೆ ಮೊದಲೇ ಇರಬೇಕೆಂದು ಹಟ ಹಿಡಿದಿದ್ದರು. ಪ್ರತಿ ಮನೆಯವರೂ ತಮ್ಮ ಒಬ್ಬ ತಾಯಿಯನ್ನು ನೆನೆಯಲಿ ಎಂಬುದು ಅವರ ಆಸೆ. ಸೆಪ್ಟೆಂಬರ್ 5ರ ಟೀಚರ್ಸ್ ಡೇ ಮಾತ್ರ ಎಲ್ಲ ಶಿಕ್ಷಕರದು. ಅಲ್ಲಿ ಚಿಹ್ನೆ ಕೊನೆಗೆ.