ಸಂಕರ ತಳಿಯ ಲಾಭವೂ ಶುದ್ಧ ತಳಿಯ ರಕ್ಷಣೆಯೂ

ದನಗಳ ತಳಿಸಂಕರದಿಂದ ಲಾಭವುಂಟೋ ನಷ್ಟವುಂಟೋ ಎಂಬ ಪ್ರಶ್ನೆಯು ನಮ್ಮ ಗ್ರಾಮಗಳಲ್ಲಿ ಆಗಾಗ್ಗೆ ಚರ್ಚೆಗೆ ಬರುತ್ತಿರುವುದು. ಕೆಲವರು ಸಂಕರವೇ ಸಕಲಕ್ಕೂ ಮದ್ದೆನ್ನುವರು. ಮತ್ತೆ ಕೆಲವರು ಅದರಿಂದಲೇ ನಾಡಿನ ದನವು ಕೆಟ್ಟಿತೆನ್ನುವರು. ಎರಡು ಪಕ್ಷಗಳಲ್ಲಿಯೂ ಸ್ವಲ್ಪ ಸತ್ಯವಿರುವುದಾದರೂ, ಸಂಕರದ ಫಲವು ಎಲ್ಲಿಂದ ಬರುತ್ತದೆಂಬುದನ್ನು ವಿಚಾರಿಸದೆ ವಾದಿಸುವುದರಿಂದ ಪ್ರಯೋಜನವಿಲ್ಲ. ಮಾಂಸದ ವ್ಯಾಪಾರಕ್ಕಾಗಿ ದೊಡ್ಡ ಮಂದೆಗಳನ್ನು ಸಾಕತಕ್ಕ ಅಮೆರಿಕಾ ದೇಶದಲ್ಲಿ ಈ ವಿಷಯವನ್ನು ಲೆಕ್ಕವಿಟ್ಟು ಪರೀಕ್ಷಿಸಿರುತ್ತಾರೆ. ನಮ್ಮ ರೈತರು ದನವನ್ನು ಸಾಕುವುದು ಹಾಲು, ಉಳುಮೆ, ಗೊಬ್ಬರಗಳಿಗಾಗಿ. ಆದರೂ ಹುಟ್ಟುವಳಿಯ ನಿಯಮವು ಎಲ್ಲ ಕಡೆಗೂ ಒಂದೇ ಆದುದರಿಂದ ಅಲ್ಲಿಯವರ ಅನುಭವವು ನಮಗೂ ಬೋಧಕವಾಗಿದೆ.

ಅಂಥ ಮಂದೆಯ ಯಜಮಾನನ ವರಮಾನವೆಲ್ಲವೂ ಹಸುವೊಂದಕ್ಕೆ ವರ್ಷಕ್ಕೊಂದು ಕರುವಿನ ಮೇಲೆ ನಿಂತಿರುವುದು. ಗಬ್ಬವಾಗದ ಹಸುವು ವರ್ಷದ ಮೇವನ್ನು ತಿಂದು ಬರಿದೇ ನಿಲ್ಲುತ್ತದೆ. ಹುಟ್ಟಿದ ಕರು ಸತ್ತರೂ ಅದೇ ನಷ್ಟ. 20ನೆಯ ಶತಮಾನದ ಉತ್ತರಾರ್ಧದಲ್ಲಿ ನೆಬ್ರಾಸ್ಕಾ ಸಂಸ್ಥಾನದಲ್ಲಿ ಹೆರೆಫರ್ಡ್, ಆಂಗಸ್, ಷಾರ್ಟ್‌ಹಾರ್ನ್ ಎಂಬ ಮೂರು ತಳಿಗಳನ್ನು ಶುದ್ಧವಾಗಿಯೂ ಸಂಕರವಾಗಿಯೂ ಬೆಳೆಯಿಸಿ ಹೋಲಿಸಿದರು. ಹೋರಿಗೆ ಬಿಟ್ಟ ಹಸುವೊಂದಕ್ಕೆ, ಮೊಲೆ ಬಿಡಿಸುವ ಹೊತ್ತಿಗೆ ದೊರೆತ ಕರುವಿನ ತೂಕವು ಸಂಕರ ಮಂದೆಯಲ್ಲಿ ಶೇಕಡಾ 23ರಷ್ಟು ಹೆಚ್ಚಾಗಿ ಕಂಡುಬಂದಿತು. ಈ ಹೆಚ್ಚಳದಲ್ಲಿ ಕರುವು ಸಂಕರವಾಗಿದ್ದುದರಿಂದ ಬಂದುದು ಸುಮಾರು ಮೂರರಲ್ಲೊಂದು ಭಾಗ ಮಾತ್ರ. ಮಿಕ್ಕುದು ತಾಯಿಯೇ ಸಂಕರವಾಗಿದ್ದುದರಿಂದ ಬಂದಿತು. ಬೇಗ ಗಬ್ಬವಾಗುವುದು, ಕರು ಬದುಕುವುದು, ತಾಯಿಗೆ ಹಾಲಿರುವುದು, ಹೆಚ್ಚು ವರ್ಷ ಈಯುವುದು, ಇಂಥ ಗುಣಗಳನ್ನು ಹೋರಿಯ ಆಯ್ಕೆಯೊಂದರಿಂದಲೇ ಹೆಚ್ಚಿಸುವುದು ಕಷ್ಟ. ಸಂಕರವು ಹೆಚ್ಚಾಗಿ ಫಲ ಕೊಡುವುದು ಈ ಗುಣಗಳಲ್ಲಿಯೇ.

ತಂದೆ ತಾಯಿಗಳ ತಳಿಗಳು ಒಂದಕ್ಕೊಂದು ಎಷ್ಟು ದೂರವೋ ಫಲವೂ ಅಷ್ಟು ಹೆಚ್ಚು. ಅಮೆರಿಕಾದ ದಕ್ಷಿಣ ಸಂಸ್ಥಾನಗಳಲ್ಲಿ ಯೂರೋಪಿನ ದನವು ಬಿಸಿಲನ್ನೂ ಉಣ್ಣೆಯ ಕಾಟವನ್ನೂ ತಾಳಲಾರದಾಗಿದ್ದಿತು. ಅಲ್ಲಿಯ ದನಗಳ ಮಾರಕ ಜ್ವರವು ಉಣ್ಣೆಯಿಂದಲೇ ಹರಡುವುದೆಂದು ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬ ವಿದ್ವಾಂಸರು 1893ರಲ್ಲಿ ಪ್ರಕಟಿಸಿದರು. ಬಿಸಿಲನ್ನೂ ಉಣ್ಣೆಯನ್ನೂ ತಡೆಯಬಲ್ಲ ದನವೆಂದರೆ ಹಿಣಿಲುಳ್ಳ ನಮ್ಮ ದೇಶದ ದನ. ಆದುದರಿಂದ ಓಂಗೋಲು, ಗಿರ್, ಕಾಂಕ್ರೇಜ್, ಕೃಷ್ಣಾ ಕಣಿವೆ ಎಂಬ ತಳಿಗಳನ್ನು ತರಿಸಿಕೊಂಡು, ಅವುಗಳಿಂದ 'ಬ್ರಾಹ್ಮನ್' ಎಂಬ ತಳಿಯನ್ನು ಕಟ್ಟಿ, 1924ರಲ್ಲಿ ಅದಕ್ಕೊಂದು ಸಂಘವನ್ನು ಸ್ಥಾಪಿಸಿದರು. ಟೆಕ್ಸಾಸಿನ ಕಿಂಗ್ ರ‍್ಯಾಂಚ್ ಎಂಬ ಮಂದೆಯಲ್ಲಿ ಷಾರ್ಟ್‌ಹಾರ್ನ್ ದನಕ್ಕೆ ಇದೇ ಬಗೆಯ ರಕ್ತವನ್ನು ಕೂಡಿಸಿ, 1920ರಲ್ಲಿ ಹುಟ್ಟಿದ 'ಮಂಕಿ' ಎಂಬ ಹೋರಿಯಿಂದ ಮುಂದುವರಿಸಿ, ಎಂಟರಲ್ಲಿ ಮೂರು ಭಾಗ ನಮ್ಮ ದೇಶದ ರಕ್ತವುಳ್ಳ 'ಸಾಂತಾ ಗರ್ಟ್ರೂಡಿಸ್' ತಳಿಯನ್ನು ಸಿದ್ಧಪಡಿಸಿದರು. ಇದು 1940ರಲ್ಲಿ ಅಲ್ಲಿಯ ಸರ್ಕಾರದಿಂದ ಪ್ರತ್ಯೇಕ ತಳಿಯೆಂದು ಅಂಗೀಕೃತವಾಯಿತು.

ಮೇಲೆ ಹೇಳಿದ ಕೃಷ್ಣಾ ಕಣಿವೆಯ ದನವು ನಮ್ಮ ನಾಡಿನದೇ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಎರೆಭೂಮಿಯನ್ನು ಉಳುವುದಕ್ಕಾಗಿ 19ನೆಯ ಶತಮಾನದ ಕೊನೆಯಲ್ಲಿ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಗಿರ್, ಕಾಂಕ್ರೇಜ್, ಓಂಗೋಲು ಮತ್ತು ಸ್ಥಳೀಯ ದನಗಳ ಸಂಕರದಿಂದಲೇ ಇದನ್ನು ಬೆಳೆಯಿಸಿದರು. ಆದಕಾರಣ ಸಂಕರವು ನಮಗೆ ಹೊಸತೂ ಅಲ್ಲ, ದೋಷವೂ ಅಲ್ಲ. ಆದರೆ ಕಡಲಾಚೆಯ ಮಂದೆಗಳಲ್ಲಿ ಯಾವ ತಳಿಯ ರಕ್ತವು ಹರಿಯುತ್ತಿರುವುದೋ ಆ ತಳಿಯ ಶುದ್ಧ ದನವು ಈಗ ತನ್ನ ತವರಿನಲ್ಲಿಯೇ ವಿರಳವಾಗಿದೆ.

ಇಲ್ಲಿಯೇ ನಾನು ಹೇಳಬೇಕಾದ ಮುಖ್ಯ ಮಾತಿರುವುದು. ಸಂಕರದ ಫಲವು ಮೊದಲನೆಯ ಪೀಳಿಗೆಯಲ್ಲಿ ಪೂರ್ಣವಾಗಿರುವುದು. ಆ ಪೀಳಿಗೆಯ ಹೋರಿಯನ್ನೇ ಆ ಪೀಳಿಗೆಯ ಹಸುವಿಗೆ ಕೊಟ್ಟರೆ ಅದರಲ್ಲಿ ಅರ್ಧ ಕಳೆದುಹೋಗುವುದು. ಎರಡು ತಳಿಗಳ ಹೋರಿಗಳನ್ನು ಸರದಿಯಂತೆ ಉಪಯೋಗಿಸಿದರೆ ಮೂರರಲ್ಲೆರಡು ಭಾಗವೂ, ಮೂರು ತಳಿಗಳದಾದರೆ ಶೇಕಡಾ 86ರಷ್ಟೂ ಉಳಿಯುವುದು. ಆದರೆ ಸರದಿಗೆ ಬೇಕಾದ ಪ್ರತಿಯೊಂದು ಹೋರಿಯೂ ಶುದ್ಧ ತಳಿಯದಾಗಿರತಕ್ಕದ್ದು. ಹೈಬ್ರಿಡ್ ಮೆಕ್ಕೆಜೋಳದ ತೆನೆಯನ್ನೇ ಬೀಜಕ್ಕಿಟ್ಟು ಬಿತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದರ ಮೂಲ ಸಾಲುಗಳನ್ನು ಯಾರೋ ಒಬ್ಬರು ಬೇರೆಯಾಗಿ ಕಾಪಾಡುತ್ತಿರುವುದರಿಂದಲೇ ವರ್ಷವರ್ಷವೂ ಹೊಸ ಬೀಜ ದೊರೆಯುವುದು. ಶುದ್ಧ ತಳಿಯು ಅಸಲು, ಸಂಕರದ ಫಲವು ಬಡ್ಡಿ. ಅಸಲನ್ನು ತಿಂದವನಿಗೆ ಬಡ್ಡಿಯು ಎಲ್ಲಿಂದ ಬಂದೀತು?

ನಮ್ಮ ರಾಜ್ಯದಲ್ಲಿ ಜರ್ಸಿ, ಹೋಲ್‌ಸ್ಟೀನ್ ತಳಿಗಳ ಸಂಕರದಿಂದ ಹಾಲಿನ ಉತ್ಪತ್ತಿಯು ಹೆಚ್ಚಿ, ಅನೇಕ ಸಣ್ಣ ಹಿಡುವಳಿಗಾರರ ಸಂಸಾರವು ನಡೆಯುತ್ತಿರುವುದು ಎಲ್ಲರಿಗೂ ತಿಳಿದ ವಿಷಯ. ಕೃತಕ ಗರ್ಭಧಾರಣೆಯು ಇಂಡಿಯಾ ದೇಶದಲ್ಲಿ ಮೊದಲು ನಡೆದುದೂ 1939ರಲ್ಲಿ ಮೈಸೂರಿನ ಅರಮನೆಯ ಹಾಲಿನ ಫಾರಂನಲ್ಲಿಯೇ. ಆಕ್ಷೇಪಣೀಯವಾದುದು ಸಂಕರವಲ್ಲ, ಗೊತ್ತುಗುರಿಯಿಲ್ಲದ ಬೆರಕೆ. ಮಂದೆಯಲ್ಲಿ ಸುತ್ತುವ, ಯಾವ ತಳಿಯೆಂದು ಹೇಳಲಾಗದ ಹೋರಿಯು ಹಳ್ಳಿಕಾರ್ ಹಸುವಿಗೂ ಹಾರುವುದು, ಸಂಕರ ಹಸುವಿಗೂ ಹಾರುವುದು. ಹುಟ್ಟಿದ ಕರುವು ಎತ್ತಿಗೂ ಆಗದು, ಹಾಲಿಗೂ ಆಗದು. ಅಜ್ಜಂಪುರದಲ್ಲಿ 1929ರಲ್ಲಿ ಕೇಂದ್ರವನ್ನು ಸ್ಥಾಪಿಸಿ ಅಮೃತಮಹಲ್ ತಳಿಯನ್ನು ಪ್ರತ್ಯೇಕವಾಗಿ ಪಾಲಿಸಿದುದು ಇಂಥ ಬೆರಕೆಗೆ ಅವಕಾಶವಿಲ್ಲದಂತೆ ಮಾಡಿದ ಒಂದು ದೃಷ್ಟಾಂತ. ಎಲ್ಲ ತಳಿಗಳನ್ನೂ ಸರ್ಕಾರವೊಂದೇ ಹೀಗೆ ಪಾಲಿಸಲಾರದು.

ಆದಕಾರಣ ಗ್ರಾಮಪ್ರಮುಖರೂ ಜಮೀನುದಾರರೂ ಈ ಕೆಳಗಿನ ಸಂಗತಿಗಳನ್ನು ನಡೆಸಬೇಕೆಂಬುದು ನನ್ನ ಅಭಿಪ್ರಾಯ. ಮೊದಲನೆಯದಾಗಿ, ಹಳ್ಳಿಕಾರ್, ಅಮೃತಮಹಲ್, ಖಿಲಾರಿ, ದೇವಣಿ, ಕೃಷ್ಣಾ ಕಣಿವೆ ತಳಿಗಳ ಲಕ್ಷಣಗಳುಳ್ಳ ಹಸುಗಳಿಗೆ ಅದೇ ತಳಿಯ ಹೋರಿಯನ್ನೇ ಕೊಡಿಸಿ, ತಳಿ ಗೊತ್ತಿಲ್ಲದ ನಾಟಿ ಹಸುಗಳನ್ನು ಮಾತ್ರ ಸಂಕರಕ್ಕೆ ಬಿಡುವುದು. ಎರಡನೆಯದಾಗಿ, ಬೀಜಕ್ಕೆ ತಕ್ಕುದಲ್ಲದ ಹೋರಿಗರುಗಳಿಗೆ ಪ್ರಾಯ ಬರುವುದಕ್ಕೆ ಮುಂಚೆಯೇ ಪಶುವೈದ್ಯರಿಂದ ಬೀಜ ಒಡೆಯಿಸುವುದು. ಮೂರನೆಯದಾಗಿ, ಗರ್ಭಧಾರಣೆ ಮಾಡಿಸಿದ ತಾರೀಖು, ಹೋರಿಯ ತಳಿ ಮತ್ತು ನಂಬರುಗಳನ್ನು ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡುವುದು. ಲೆಕ್ಕವಿಲ್ಲದ ಕಡೆ ಸರದಿಯೂ ಇಲ್ಲ. ನಾಲ್ಕನೆಯದಾಗಿ, ಹಸಿರು ಮೇವಿಗೂ ನೀರಿಗೂ ಅಭಾವವಿರುವ ಸ್ಥಳಗಳಲ್ಲಿ ವಿದೇಶೀ ರಕ್ತವನ್ನು ಅರ್ಧಭಾಗಕ್ಕಿಂತ ಬಹಳ ಮೇಲೆ ಹೋಗಗೊಡದಿರುವುದು.

ಶುದ್ಧ ತಳಿಯ ಹಸುವು ಹಾಲು ಕಡಿಮೆ ಕೊಡುವಾಗ ಅದರ ಮೇವಿನ ಖರ್ಚನ್ನು ನಾನೇಕೆ ಹೊರಲಿ ಎಂದು ಒಬ್ಬ ರೈತನು ಕೇಳಿದರೆ, ಆ ಪ್ರಶ್ನೆಯು ನ್ಯಾಯವಾದುದೇ. ಎರಡೆಕರೆಯ ರೈತನಿಂದ ಇದನ್ನು ನಿರೀಕ್ಷಿಸತಕ್ಕದ್ದಲ್ಲ. ಆದರೆ ಹುಲ್ಲಿಗೂ ನೆಲಕ್ಕೂ ಕೊರತೆಯಿಲ್ಲದ ಒಬ್ಬಿಬ್ಬರು ಜಮೀನುದಾರರು ಪ್ರತಿ ಗ್ರಾಮದಲ್ಲಿಯೂ ನಾಲ್ಕಾರು ಶುದ್ಧ ಹಸುಗಳನ್ನೂ ಒಂದು ಒಳ್ಳೆಯ ಹೋರಿಯನ್ನೂ ಇಟ್ಟುಕೊಂಡರೆ, ಗ್ರಾಮದವರು ಗೋಮಾಳವನ್ನು ಒತ್ತುವರಿಯಿಂದ ಉಳಿಸಿಕೊಟ್ಟರೆ, ಖರ್ಚು ಹಂಚಿಹೋಗುವುದು. ಸಂಕರದಿಂದ ಇಂದು ಹಾಲು ಕರೆಯುತ್ತಿರುವ ಬಡ ರೈತನ ಮಕ್ಕಳಿಗೆ ಮುಂದೆ ಪುನಃ ಸಂಕರ ಮಾಡಿಸಬೇಕೆಂದಾಗ ನಾಡತಳಿಯೊಂದು ಉಳಿದಿರಬೇಕಾದರೆ, ಅದು ಉಳ್ಳವರ ಕೊಟ್ಟಿಗೆಯಲ್ಲಿಯೇ ಉಳಿಯಬೇಕು.