ಕೀಲು ಹೊಸದು, ತೊಡೆ ಹಳೆಯದೇ

"ಹೇಗೂ ಆ ಕೀಲನ್ನೇ ತೆಗೆದು ಹೊಸದು ಹಾಕ್ತಾರಲ್ಲ ಮೇಡಂ, ಸವೆದ ಮಂಡಿಗೆ ಈಗ ಯಾಕೆ ವ್ಯಾಯಾಮ?"

ಮಂಡಿ ಬದಲಿ ಆಪರೇಷನ್ನಿಗೆ ದಿನ ಗೊತ್ತಾದವರನ್ನು ಆರು ವಾರ ಮೊದಲೇ ಕರೆಸಿಕೊಳ್ಳುವ ನನ್ನಂಥ ಫಿಸಿಯೋಥೆರಪಿಸ್ಟರು ದಿನಾ ಕೇಳುವ ಮಾತಿದು. ಕೇಳುವವರದು ತಪ್ಪಲ್ಲ, ಆದರೆ ಮಾತು ತಪ್ಪು. ಶಸ್ತ್ರವೈದ್ಯರು ಬದಲಿಸುವುದು ತೊಡೆಮೂಳೆಯ ಕೆಳತುದಿ ಮತ್ತು ಕಣಕಾಲ ಮೂಳೆಯ ಮೇಲ್ತುದಿಯ ಸವೆದ ಮೈಯನ್ನು ಮಾತ್ರ. ಅಲ್ಲಿ ಲೋಹ ಕೂರುತ್ತದೆ, ನಡುವೆ ಪ್ಲಾಸ್ಟಿಕ್ ಬರುತ್ತದೆ. ಆ ಕೀಲನ್ನು ಎತ್ತಿ ನಿಲ್ಲಿಸಬೇಕಾದ ತೊಡೆಯ ಮುಂಭಾಗದ ಸ್ನಾಯು ಹಳೆಯದೇ. ವರ್ಷಗಟ್ಟಲೆ ಕುಂಟಿ ಕುಂಟಿ ಅದು ಮೊದಲೇ ಸೊರಗಿರುತ್ತದೆ. ಆಪರೇಷನ್ನಾದ ಮೊದಲ ತಿಂಗಳಲ್ಲಿ ಉಳಿದ ಬಲದಲ್ಲೂ ಅರ್ಧದಷ್ಟು, ಕೆಲವರಲ್ಲಿ ಅದಕ್ಕಿಂತ ಹೆಚ್ಚು ಕುಸಿಯುತ್ತದೆ. ಇರುವುದೇ ಚೂರು, ಅದರಲ್ಲೂ ಅರ್ಧ ಹೋದರೆ ಏಳುವುದು ಯಾವುದರಿಂದ?

ಸಾಗರದ ಕಡೆಯ ಅಮ್ಮ ಒಬ್ಬರು ಬಂದಿದ್ದರು. ನಲವತ್ತು ವರ್ಷ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿದವರು. "ಕೈ ಊರದೆ ಕುರ್ಚಿಯಿಂದ ಏಳಿ ಅಮ್ಮ" ಅಂದೆ. ಮುಂದಕ್ಕೆ ಬಾಗಿದರು, ಸೊಂಟ ಒಂದು ಗೇಣು ಎದ್ದಿತು, ಮತ್ತೆ ಧೊಪ್ಪನೆ ಕೂತರು. ಮಂಚದ ಮೇಲೆ ಮಲಗಿಸಿ, ಸುತ್ತಿದ ಟವೆಲನ್ನು ಮಂಡಿಯ ಕೆಳಗಿಟ್ಟು ಒತ್ತಲು ಹೇಳಿದೆ. ತೊಡೆಯ ಮೇಲಿಟ್ಟ ನನ್ನ ಬೆರಳಿಗೆ ಸಿಕ್ಕಿದ್ದು ಸಣ್ಣ ಅದುರು ಮಾತ್ರ. ಮೂರನೆಯ ವಾರ ಅದೇ ಜಾಗ ಗಟ್ಟಿಯಾಗಿ ಬೆರಳನ್ನು ಮೇಲೆತ್ತಿತು. ಐದನೆಯ ವಾರ ಕೈ ಕಟ್ಟಿಕೊಂಡು ಐದು ಸಲ ಎದ್ದು ಕೂತರು. ಕೀಲು ಅದೇ ಸವೆದ ಕೀಲು. ಬದಲಾದದ್ದು ತೊಡೆ.

"ನೋಯುವ ಕಾಲಿಗೆ ಕೆಲಸ ಕೊಟ್ಟರೆ ಇನ್ನಷ್ಟು ಸವೆಯುತ್ತೆ, ಆಪರೇಷನ್ ತನಕ ಮಲಗಿರಲಿ" ಅನ್ನುವವರು ಪ್ರೀತಿಯಿಂದಲೇ ಅನ್ನುತ್ತಾರೆ. ಆ ಪ್ರೀತಿಯೇ ಕಾಲನ್ನು ಕೆಡಿಸುತ್ತದೆ. ಟವೆಲ್ ಒತ್ತುವುದು, ಮಲಗಿ ನೆಟ್ಟಗಿನ ಕಾಲನ್ನು ಎತ್ತುವುದು, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮಡಿಸುವುದು, ಇವು ಯಾವುದರಲ್ಲೂ ಮಂಡಿಯ ಮೇಲೆ ಮೈಭಾರ ಬೀಳುವುದಿಲ್ಲ. ಮಲಗಿಸಿದ ಕಾಲು ಮಾತ್ರ ಬಿಗಿಯುತ್ತದೆ. ಆಪರೇಷನ್ನಿಗೆ ಮೊದಲು ಮಂಡಿ ಎಷ್ಟು ಮಡಚುತ್ತಿತ್ತು ಎನ್ನುವುದರ ಮೇಲೆ ಆಮೇಲೆ ಎಷ್ಟು ಮಡಚುತ್ತದೆ ಎನ್ನುವುದು ಬಹುಮಟ್ಟಿಗೆ ನಿಂತಿದೆ.

ನನ್ನ ವೃತ್ತಿಯವರೇ ಎತ್ತುವ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮುಂಚೆ ವ್ಯಾಯಾಮ ಮಾಡಿದವರೂ ಮಾಡದವರೂ ಕೆಲವು ತಿಂಗಳಲ್ಲಿ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತಾರೆ, ಅಧ್ಯಯನಗಳು ತೋರಿಸುವ ಲಾಭ ಸಣ್ಣದು ಎನ್ನುತ್ತಾರೆ ಅವರು. ಒಪ್ಪುತ್ತೇನೆ. ಲಾಭ ಕಾಣುವುದು ಮುಖ್ಯವಾಗಿ ಮೊದಲ ವಾರಗಳಲ್ಲಿ. ಆದರೆ ಆ ವಾರಗಳನ್ನು ಸಣ್ಣವು ಎನ್ನಲು ನನ್ನಿಂದಾಗದು. ಮಕ್ಕಳು ಬೆಂಗಳೂರಿನಲ್ಲಿ, ಮನೆಯಲ್ಲಿ ಎಪ್ಪತ್ತು ದಾಟಿದ ಯಜಮಾನರು. ರಾತ್ರಿ ಎರಡು ಗಂಟೆಗೆ ಬಚ್ಚಲಿಗೆ ಹೋಗಬೇಕಾದವರು ತಾವೇ ಎದ್ದು ವಾಕರ್ ಹಿಡಿಯುತ್ತಾರೋ, ಯಜಮಾನರನ್ನು ಎಬ್ಬಿಸಿ ಇಬ್ಬರೂ ಬೀಳುತ್ತಾರೋ ಎನ್ನುವುದು ತೀರ್ಮಾನವಾಗುವುದು ಆಗಲೇ.

"ಸಕ್ಕರೆ ಇದ್ದರೇನಂತೆ, ಆಸ್ಪತ್ರೆಯಲ್ಲಿ ಇನ್ಸುಲಿನ್ ಕೊಟ್ಟು ಇಳಿಸ್ತಾರೆ." ಆ ದಿನದ ಸಕ್ಕರೆ ಇಳಿದೀತು. ವೈದ್ಯರು ನೋಡುವ ರಕ್ತಪರೀಕ್ಷೆಯಾದ ಎಚ್‌ಬಿಎ1ಸಿ ಹೇಳುವುದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ. ಅದು 8 ದಾಟಿದರೆ ಅನೇಕ ವೈದ್ಯರು ಆಪರೇಷನ್ನನ್ನೇ ಮುಂದೆ ಹಾಕುತ್ತಾರೆ. ಸಕ್ಕರೆ ಹೆಚ್ಚಿದ್ದರೆ ಸೋಂಕಿನ ಭಯವೂ ಹೆಚ್ಚು. ಹೊಸ ಕೀಲಿಗೆ ಸೋಂಕು ಹತ್ತಿದರೆ ಮತ್ತೆ ಕೊಯ್ದು, ಕೆಲವೊಮ್ಮೆ ಹಾಕಿದ್ದನ್ನೇ ತೆಗೆದು, ವಾರಗಟ್ಟಲೆ ಆಂಟಿಬಯಾಟಿಕ್ ಕೊಡಬೇಕಾಗುತ್ತದೆ. ಆದ್ದರಿಂದಲೇ ಹುಳುಕು ಹಲ್ಲು, ಉರಿಮೂತ್ರ, ಒಡೆದ ಹಿಮ್ಮಡಿ ಎಲ್ಲವನ್ನೂ ಮೊದಲೇ ಸರಿಮಾಡಿಕೊಳ್ಳಬೇಕು. ನನ್ನ ಚಿಕ್ಕಮ್ಮನನ್ನು ಆಪರೇಷನ್ ದಿನ ಬೆಳಿಗ್ಗೆ ವಾಪಸ್ ಕಳಿಸಿದ್ದರು. ಕಾಲ್ಬೆರಳ ಸಂದಿಯಲ್ಲಿ ಕೆಸರುಹುಣ್ಣು ಕೀವು ಕಟ್ಟಿತ್ತು. ಆರು ವಾರ ವ್ಯಾಯಾಮ ಮಾಡಿಸಿದ ನಾನು ಒಂದು ದಿನವೂ ಬೆರಳು ಬಿಡಿಸಿ ನೋಡಿರಲಿಲ್ಲ. ಈಗ ಯಾರೇ ಬರಲಿ, ಮೊದಲು ಪಾದ ನೋಡುತ್ತೇನೆ.

ರಕ್ತದ ಮಾತೂ ಹೀಗೆಯೇ. ಹೆಂಗಸರಲ್ಲಿ ಹಿಮೋಗ್ಲೋಬಿನ್ 12ಕ್ಕಿಂತ, ಗಂಡಸರಲ್ಲಿ 13ಕ್ಕಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಕಬ್ಬಿಣದ ಮಾತ್ರೆ ಕೆಲಸ ಮಾಡಲು ವಾರಗಳು ಬೇಕು. "ಬೇಕಾದರೆ ಬಾಟ್ಲಿ ರಕ್ತ ಹಾಕ್ತಾರೆ" ಎಂದು ಕೂರುವುದಕ್ಕಿಂತ ಈಗಲೇ ಪರೀಕ್ಷೆ ಮಾಡಿಸುವುದು ಲೇಸು. ಬೀಡಿ ಸಿಗರೇಟನ್ನು ಕನಿಷ್ಠ ನಾಲ್ಕು ವಾರ ಮೊದಲು ಬಿಡಬೇಕು, ಗಾಯ ಮಾಯುವುದಕ್ಕೆ ಅದು ಅಡ್ಡಿ. ಮೂರು ತಿಂಗಳೊಳಗೆ ಮಂಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿಸಿಕೊಂಡಿದ್ದರೆ ಶಸ್ತ್ರವೈದ್ಯರಿಗೆ ಮುಚ್ಚಿಡಬೇಡಿ.

"ನಡೆಯೋಕೇ ಆಗಲ್ಲ, ತೂಕ ಹೇಗೆ ಇಳಿಸೋದು?" ನಡೆದು ಇಳಿಸಬೇಕಿಲ್ಲ, ತಟ್ಟೆಯಲ್ಲಿ ಇಳಿಸಿ. ಮೈತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಉಪವಾಸ ಮಾತ್ರ ಬೇಡ. ಅನ್ನ ಕಡಿಮೆ ಮಾಡಿ, ಬೇಳೆ, ಮೊಸರು, ತಿನ್ನುವವರು ಮೊಟ್ಟೆ ಹೆಚ್ಚಿಸಿ.

ನಿಮ್ಮ ಮನೆಯಲ್ಲಿ ಯಾರಿಗಾದರೂ ದಿನ ಗೊತ್ತಾಗಿದ್ದರೆ, ಅವರಿಗೆ ಹೃದಯದ ತೊಂದರೆ ಇದ್ದರೆ ವೈದ್ಯರನ್ನು ಒಂದು ಮಾತು ಕೇಳಿ, ಇಲ್ಲದಿದ್ದರೆ ಇವತ್ತು ಸಂಜೆಯೇ ಟವೆಲ್ ಸುತ್ತಿ ಅವರ ಮಂಡಿಯ ಕೆಳಗಿಡಿ. ಐದು ಎಣಿಸುವ ತನಕ ಒತ್ತಿ ಹಿಡಿಯಲಿ, ಹತ್ತು ಸಲ. ಆಮೇಲೆ ನೀವೇ ಪಕ್ಕ ಕೂತು ಅವರ ಕಾಲ್ಬೆರಳು ಬಿಡಿಸಿ ನೋಡಿ.